ನಡೆದಾಡುವ ಯಂತ್ರಕ್ಕೆ ಆಯ್ತಪ್ಪನವರ ಸಹಿ

‘ಆಯ್ತು’ ಎಂದು ಹೇಳುವುದಕ್ಕೇ ಒಬ್ಬ ಮನುಷ್ಯನಿಗೆ ತಿಂಗಳು ತಿಂಗಳು ಸಂಬಳ ಕೊಡುವ ಕಂಪನಿ ಇದೆ ಎಂದರೆ ನೀವು ನಗುತ್ತೀರಿ. ನಗಬೇಡಿ. ಅಂಥ ಕಂಪನಿಯೂ ಇದೆ, ಆ ಸಂಬಳ ತೆಗೆದುಕೊಳ್ಳುವ ಮಹಾನುಭಾವರೂ ಇದ್ದಾರೆ. ಆಫೀಸಿನವರು ಅವರನ್ನು ಆಯ್ತಪ್ಪ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು. ಅದು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಬಟ್ಟೆ ಒಗೆಯುವ ಯಂತ್ರ ಮಾಡುವ ಕಂಪನಿ ಅದು. ಒಗೆದ ಬಟ್ಟೆ ಹಿಂಡುವಾಗ ಯಂತ್ರದ ಹೊಟ್ಟೆಯೊಳಗಿನ ಡ್ರಮ್ಮು ಗಿರಗಿರನೆ ತಿರುಗುತ್ತದೆ, ತಿರುಗಿದರೆ ಯಂತ್ರ ಅದುರುತ್ತದೆ. ಅದುರಬಾರದೆಂದು ಒಳಗೊಂದು ಕಾಂಕ್ರೀಟಿನ ಭಾರ ಕಟ್ಟಿ ಸ್ಪ್ರಿಂಗು ಹಾಕುತ್ತಾರೆ. ಭಾರ ಎಷ್ಟಿರಬೇಕು, ಎಲ್ಲಿ ಕಟ್ಟಬೇಕು, ಸ್ಪ್ರಿಂಗು ಎಷ್ಟು ಬಿಗಿಯಿರಬೇಕು ಎಂಬುದನ್ನು ಹುಡುಕುವುದು ಕಂಪ್ಯೂಟರಿನ ಕೆಲಸ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮನುಷ್ಯ ಗುಡ್ಡದ ಮೇಲಿನಿಂದ ಎಲ್ಲಕ್ಕಿಂತ ತಗ್ಗಿನ ಜಾಗ ಹುಡುಕುವ ಹಾಗೆ ಅದು ಹುಡುಕುತ್ತದೆ. ಕಾಲಲ್ಲಿ ತಡವಿ ನೋಡಿ, ಎತ್ತ ಇಳಿಜಾರಿದೆಯೋ ಅತ್ತ ಒಂದು ಹೆಜ್ಜೆ. ಮತ್ತೆ ತಡವಿ ಮತ್ತೊಂದು ಹೆಜ್ಜೆ. ಹೆಜ್ಜೆ ಹೆಜ್ಜೆಗೂ ಪರದೆಯ ಮೇಲೆ ಅದುರಾಟದ ಅಂಕಿ ಇಳಿಯುತ್ತಾ ಹೋಗಿ, ಕೊನೆಗೊಮ್ಮೆ ನಿಲ್ಲುತ್ತದೆ. ಆಗ ಲೆಕ್ಕ ನಿಜವಾಗಿ ನೆಲೆ ಮುಟ್ಟಿತೇ ಎಂದು ಪರೀಕ್ಷಿಸಿ ಸಹಿ ಹಾಕುವುದು ಆಯ್ತಪ್ಪನವರ ಉದ್ಯೋಗ. ಆಫೀಸಿನ ಮಾತಿನಲ್ಲಿ ಇದು ಕನ್ವರ್ಜೆನ್ಸ್ ತಪಾಸಣೆ.

ತಪಾಸಣೆಗೆ ಮೂರು ಮೆಟ್ಟಿಲು. ಮೊದಲನೆಯದು, ಅಂಕಿ ಇಳಿಯುವುದು ನಿಂತಿದೆಯೇ ಎಂದು ನೋಡುವುದು. ಎರಡನೆಯದು, ನಿಂತ ಜಾಗ ಸಮತಟ್ಟಾಗಿದೆಯೇ ಅಥವಾ ಇನ್ನೂ ಇಳಿಜಾರಿದ್ದರೂ ಆ ಕುರುಡು ನಡಿಗೆಯ ಮನುಷ್ಯ ಹೆಜ್ಜೆ ಚಿಕ್ಕದು ಮಾಡಿಕೊಂಡು ನಿಂತಲ್ಲೇ ತೆವಳುತ್ತಿದ್ದಾನೆಯೇ ಎಂದು ನೋಡುವುದು. ಮೂರನೆಯದು, ಬೇರೆ ಕಡೆಯಿಂದ ಹೊರಡಿಸಿದರೂ ಅವನು ಇದೇ ಜಾಗಕ್ಕೆ ಬರುತ್ತಾನೆಯೇ ಎಂದು ನೋಡುವುದು. ಎರಡನೆಯದಕ್ಕೆ ಇನ್ನೊಂದು ಪರದೆ ತೆರೆಯಬೇಕು. ಮೂರನೆಯದಕ್ಕೆ ಲೆಕ್ಕವನ್ನೇ ಮೊದಲಿನಿಂದ ಓಡಿಸಬೇಕು. ಮೊದಲನೆಯದನ್ನು ಮಾತ್ರ ಕುರ್ಚಿಗೆ ಒರಗಿ ಕಾಫಿ ಹೀರುತ್ತಾ ಮಾಡಬಹುದು. ಆದ್ದರಿಂದ ಆಯ್ತಪ್ಪನವರು ಮೊದಲನೆಯದನ್ನು ಅತ್ಯಂತ ನಿಷ್ಠೆಯಿಂದ ಮಾಡುತ್ತಿದ್ದರು. “ಅಂಕಿ ನಿಂತಿದೆಯಲ್ಲ, ಇನ್ನು ಅದರ ಗಲ್ಲ ಹಿಡಿದು ‘ಯಾಕಪ್ಪ ನಿಂತೆ’ ಅಂತ ಕೇಳ್ಬೇಕಾ?” ಎನ್ನುವುದು ಅವರ ವಾದ. ಬರುತ್ತಿದ್ದವೆಲ್ಲ ಹಳೇ ಯಂತ್ರದ ಸಣ್ಣಪುಟ್ಟ ರಿಪೇರಿಗಳಾದ್ದರಿಂದ ಈ ವಾದ ಇಷ್ಟು ವರ್ಷ ಬದುಕಿ ಉಳಿದಿತ್ತು.

ಮನೆಯಲ್ಲಿ ಮಾತ್ರ ಈ ವಾದ ನಡೆಯುತ್ತಿರಲಿಲ್ಲ, ಏಕೆಂದರೆ ಮನೆಯಲ್ಲಿ ಅತ್ತೆ ಇದ್ದರು. ಹೆಂಡತಿಯ ತಾಯಿ. ಈ ಹೆಂಗಸು ತಮ್ಮ ಜನ್ಮದಲ್ಲಿ ಯಾವುದಕ್ಕೂ ‘ಆಯ್ತು’ ಎಂದವರಲ್ಲ, ಬೇರೆಯವರು ಎಂದರೆ ನಂಬಿದವರೂ ಅಲ್ಲ.

“ಬಾಗಿಲು ಹಾಕಿದ್ರಾ?” ಎಂದು ಮಲಗುವ ಮುಂಚೆ ಕೇಳುವರು.

“ಆಯ್ತು ಅತ್ತೆ.”

“ಎಳೆದು ನೋಡಿದ್ರಾ?”

“ನೋಡ್ದೆ.”

“ಒಳಗಿಂದ ಎಳೆದ್ರೆ ಏನು ಬಂತು? ಕಳ್ಳ ಒಳಗಿಂದ ಬರ್ತಾನಾ? ಹೊರಗೆ ಹೋಗಿ ತಳ್ಳಿ ನೋಡಿ.”

ಒಂದು ಸಲ ರೋಸಿಹೋಗಿ ಆಯ್ತಪ್ಪನವರು ನಿಜವಾಗಿಯೂ ಹೊರಗೆ ಹೋಗಿ ತಳ್ಳಿ ನೋಡಿದ್ದರು. ಬಾಗಿಲು ಭದ್ರವಾಗಿತ್ತು. ಅಷ್ಟು ಭದ್ರವಾಗಿತ್ತೆಂದರೆ, ಬೀಗದ ಕೈ ಒಳಗಿದ್ದದ್ದರಿಂದ ಅತ್ತೆ ಎದ್ದು ಬಂದು ತೆಗೆಯುವವರೆಗೂ ಅಳಿಯಂದಿರು ಮೆಟ್ಟಿಲ ಮೇಲೆ ಚಡ್ಡಿಯಲ್ಲಿ ಕೂತಿರಬೇಕಾಯಿತು.

ಇಂಥ ಆಯ್ತಪ್ಪನವರಿಗೆ ಗ್ರಹಚಾರ ವಕ್ಕರಿಸಿದ್ದು ಷಡ್ಡಕರ ಮನೆಯ ಊಟದಲ್ಲಿ. ಷಡ್ಡಕರು, ಅಂದರೆ ನಾದಿನಿಯ ಗಂಡ, ಹಲ್ಲಿನ ಡಾಕ್ಟರು. ದಢೂತಿ ಆಸಾಮಿ. ಆ ವಾರ ತಮ್ಮ ಕ್ಲಿನಿಕ್ಕಿಗೆ ಹೊಸ ಕುರ್ಚಿ ತರಿಸಿದ್ದರು.

“ಒಂದು ಗುಂಡಿ ಒತ್ತಿದ್ರೆ ಮೇಲೆ, ಇನ್ನೊಂದು ಒತ್ತಿದ್ರೆ ಕೆಳಗೆ. ಪೇಷಂಟು ಬಾಯಿ ತೆಗೆದ್ರೆ ಸಾಕು, ಮಿಕ್ಕಿದ್ದೆಲ್ಲ ಕುರ್ಚಿ ನೋಡ್ಕೊಳ್ಳುತ್ತೆ,” ಎಂದು ಅವರು ಅನ್ನ ಬಡಿಸುವಾಗ ಶುರುಮಾಡಿದ್ದು ಮಜ್ಜಿಗೆಗೆ ಬಂದರೂ ನಿಲ್ಲಲಿಲ್ಲ. ಎಲ್ಲರೂ ‘ಹೌದಾ, ಹೌದಾ’ ಎಂದು ಕೇಳುತ್ತಿದ್ದರು. ಆಯ್ತಪ್ಪನವರ ಹೆಂಡತಿ ಮಾತ್ರ ಗಂಡನ ಕಡೆ ಒಮ್ಮೆ ನೋಡಿ ತಟ್ಟೆ ನೋಡಿದರು. ಆ ನೋಟದಿಂದ ಆಯ್ತಪ್ಪನವರ ಹೊಟ್ಟೆಯೊಳಗೆ ಅನ್ನದ ಜೊತೆ ಇನ್ನೇನೋ ಉರಿಯತೊಡಗಿತು.

“ಕುರ್ಚಿ ಅಂದಾಗ ನೆನಪಾಯ್ತು ನೋಡಿ ಷಡ್ಡಕರೇ,” ಎಂದರು ಕೈ ತೊಳೆಯುತ್ತಾ, ಏನೂ ಅಲ್ಲದ ವಿಷಯ ಎಂಬಂತೆ. “ನಮ್ಮಲ್ಲೂ ಒಂದು ಕುರ್ಚಿ ನನಗೆ ಬಂದಿದೆ. ವಿಭಾಗದ ಮುಖ್ಯಸ್ಥನ ಕುರ್ಚಿ.”

ಇದರಲ್ಲಿ ನಿಜ ಇದ್ದದ್ದು ಇಷ್ಟೇ: ಹಳೇ ಮುಖ್ಯಸ್ಥರು ನಿವೃತ್ತರಾಗುತ್ತಿದ್ದರು. ಅವರ ಕುರ್ಚಿ ಖಾಲಿಯಾಗುವುದಿತ್ತು. ಖಾಲಿಯಾಗುವ ಕುರ್ಚಿಯನ್ನು ತಮಗೆ ಬಂದ ಕುರ್ಚಿ ಎಂದು ತಿಳಿಯುವವರಿಗೆ ಜಗತ್ತಿನಲ್ಲಿ ಕುರ್ಚಿಗಳ ಕೊರತೆ ಇರುವುದಿಲ್ಲ.

“ರೀ! ನನಗೆ ಹೇಳೇ ಇಲ್ವಲ್ಲ!” ಎಂದರು ಹೆಂಡತಿ. ಮುಖ ಊರಗಲವಾಗಿತ್ತು.

ಮೂಲೆಯಿಂದ ಅತ್ತೆ ಕೇಳಿದರು: “ಬಂದಿದ್ಯೋ, ಬರುತ್ತೆ ಅಂತಲೋ? ಕೂತು ನೋಡಿದ್ರಾ?”

“ಆಯ್ತು ಅತ್ತೆ, ಎಲ್ಲಾ ಆಗಿದೆ!” ಎಂದ ಆಯ್ತಪ್ಪನವರು, ಸುಳ್ಳು ಒಂಟಿಯಾಗಿದ್ದರೆ ಬಿದ್ದೀತೆಂದು ಅದಕ್ಕೊಂದು ಊರುಗೋಲು ಕೊಟ್ಟರು. “ಅಷ್ಟೇ ಅಲ್ಲ. ಹೊಸ ಮಾಡೆಲಿನ ಮೊಟ್ಟಮೊದಲ ಯಂತ್ರ, ನನ್ನ ಸೇವೆ ಮೆಚ್ಚಿ, ನಮ್ಮ ಮನೆಗೇ ಕೊಡ್ತಿದ್ದಾರೆ. ಬಂದ ದಿನ ಎಲ್ಲರೂ ಬನ್ನಿ.”

ಈ ಊರುಗೋಲಿನ ವಿಷಯ ಸ್ವಲ್ಪ ಹೇಳಬೇಕು. ಕಂಪನಿ ಕಟ್ಟಿದ ಹಳೇ ಯಜಮಾನರು ಒಂದು ನಿಯಮ ಮಾಡಿಟ್ಟು ಕಣ್ಣುಮುಚ್ಚಿದ್ದರು. ಹೊಸ ಮಾಡೆಲಿನ ಲೆಕ್ಕಕ್ಕೆ ಯಾರು ‘ಆಯ್ತು’ ಎಂದು ಸಹಿ ಹಾಕುತ್ತಾರೋ, ಮೊದಲ ಯಂತ್ರ ಒಂದು ತಿಂಗಳು ಅವರ ಮನೆಯಲ್ಲೇ ಓಡಬೇಕು. ಅಡಿಗೆ ಮಾಡಿದವನೇ ಮೊದಲ ತುತ್ತು ತಿನ್ನಲಿ ಎನ್ನುವ ಲೆಕ್ಕಾಚಾರ. ಬುದ್ಧಿಯಿರುವವರು ಇದನ್ನು ಎಚ್ಚರಿಕೆ ಎಂದು ತಿಳಿಯುತ್ತಿದ್ದರು. ಆಯ್ತಪ್ಪನವರು ಬಹುಮಾನ ಎಂದು ತಿಳಿದರು.

ಹೀಗೆ ಊಟದ ಮನೆಯಲ್ಲಿ ಆಡಿದ ಮಾತು ನಿಜವಾಗಬೇಕಾದರೆ ಹೊಸ ಮಾಡೆಲಿನ ಲೆಕ್ಕಕ್ಕೆ ಅವರೇ, ಅದೂ ಬೇಗ, ಸಹಿ ಹಾಕಬೇಕಿತ್ತು. ಆ ಲೆಕ್ಕವೋ ಮೊಂಡು ಹಿಡಿದಿತ್ತು. ಇದು ಹಳೇ ಯಂತ್ರದ ರಿಪೇರಿಯಲ್ಲ, ಬುಡದಿಂದ ಹೊಸದು. ಅಂಕಿ ಜರ್ರನೆ ಇಳಿದು, ಆಮೇಲೆ ಆಮೆಯಾಗಿ, ಆಮೇಲೆ ಕದಲದೆ ನಿಂತಿತು. ಆಯ್ತಪ್ಪನವರು ಕಾಫಿ ತರಿಸಿಕೊಂಡು ನೋಡಿದರು, ನಿಂತೇ ಇತ್ತು. ಕಾಫಿ ಮುಗಿಸಿ ನೋಡಿದರು, ಆಗಲೂ ನಿಂತೇ ಇತ್ತು. ಎರಡನೇ ಪರದೆ ತೆರೆದಿದ್ದರೆ, ಇಳಿಜಾರು ಗೋಡೆಯ ಹಾಗೆ ಕಡಿದಾಗಿದ್ದು, ಹೆಜ್ಜೆ ಮಾತ್ರ ಸಾಸಿವೆಯಷ್ಟು ಚಿಕ್ಕದಾಗಿರುವುದು ಕಾಣುತ್ತಿತ್ತು. ಲೆಕ್ಕ ತಲುಪಿರಲಿಲ್ಲ, ಬಳಲಿತ್ತು. ಅಂಥದ್ದನ್ನು ನೋಡಲೆಂದೇ ಕಂಪನಿ ಒಬ್ಬರನ್ನು ಇಟ್ಟಿತ್ತು. ಅವರು ಪೆನ್ನು ಹುಡುಕುತ್ತಿದ್ದರು.

“ಮೂರೂ ನೋಡಿದ್ರಾ?” ಎಂದರು ಮೇಡಂ, ಸಹಿಯ ಕಾಗದ ಕೈಗೆ ಬಂದಾಗ. ಕಾರ್ಖಾನೆ ನಡೆಸುತ್ತಿದ್ದವರು ಅವರೇ. ಮಾತು ಕಡಿಮೆ, ಆಡಿದರೆ ಒಂದೊಂದೂ ಸೂಜಿ.

“ಆಯ್ತು ಮೇಡಂ.”

“ಹಳೇ ಯಜಮಾನರ ನಿಯಮ ಗೊತ್ತಲ್ಲ? ಯಂತ್ರ ನಿಮ್ಮ ಮನೆಗೆ ಬರುತ್ತೆ. ಒಂದು ತಿಂಗಳು, ಮನೆಯವರಿಂದಾಗ್ಲಿ ಅಕ್ಕಪಕ್ಕದವರಿಂದಾಗ್ಲಿ ಒಂದು ದೂರೂ ಬರಬಾರದು. ಬರದಿದ್ರೆ ಮುಖ್ಯಸ್ಥರ ಕುರ್ಚಿ ನಿಮ್ಮದು. ಬಂದ್ರೆ ಪಕ್ಕದ ಮೇಜಿನವರದು.”

ಪಕ್ಕದ ಮೇಜಿನವರು ತಲೆ ಎತ್ತಲಿಲ್ಲ. ಅವರು ತಮ್ಮ ಯಾವುದೋ ಲೆಕ್ಕವನ್ನು ಮೂರನೇ ಸಲ ಬೇರೆ ಕಡೆಯಿಂದ ಓಡಿಸುತ್ತಿದ್ದರು. ಆಯ್ತಪ್ಪನವರು ಅವರನ್ನು ಕನಿಕರದಿಂದ ನೋಡಿ ಮನೆಗೆ ಹೊರಟರು.

ಯಂತ್ರ ಬಂದ ದಿನ ನಾದಿನಿ, ಷಡ್ಡಕರು ಎಲ್ಲ ಬಂದು ಸೇರಿದರು. ಮಹಡಿಯ ಮೇಲಿನ ಮನೆ. ಅಡಿಗೆಮನೆಯ ಹಿಂದೆ ಒಂದು ಸಣ್ಣ ಒಗೆಯುವ ಕೋಣೆ. ಆಳುಗಳು ಯಂತ್ರವನ್ನು ಅಲ್ಲಿ ಇಳಿಸಿ ಹೋದರು. ಬೆಳ್ಳಗೆ ಮಿರಿಮಿರಿ ಮಿಂಚುತ್ತಿತ್ತು, ಎದೆಯ ಮೇಲೆ ಗುಂಡನೆಯ ಗಾಜಿನ ಬಾಗಿಲು. ಹೆಂಡತಿ ಮನೆಯಲ್ಲಿದ್ದ ಚಾದರವನ್ನೆಲ್ಲ ತಂದು ತುಂಬಿದರು. ಆಯ್ತಪ್ಪನವರು ಗಂಟಲು ಸರಿಮಾಡಿಕೊಂಡರು.

“ಇದರ ಮೇಲೆ ತುಂಬಿದ ನೀರಿನ ಲೋಟ ಇಟ್ರೂ ತುಳುಕಲ್ಲ,” ಎಂದು ನೀರಿನ ಲೋಟವನ್ನೂ ಇಟ್ಟು ಗುಂಡಿ ಒತ್ತಿದರು.

ಒಗೆಯುವಷ್ಟು ಹೊತ್ತು ಯಂತ್ರ ಹಸುವಿನ ಹಾಗಿತ್ತು. ಷಡ್ಡಕರು ಕೂಡ ಒಲ್ಲದ ಮನಸ್ಸಿನಿಂದ ‘ಪರವಾಗಿಲ್ಲ’ ಎಂದರು. ಎಲ್ಲರೂ ನಡುಮನೆಗೆ ಬಂದು ಕಾಫಿ ಹಿಡಿದು ಕೂತರು. ಆಗ ಹಿಂಡುವ ಸುತ್ತು ಶುರುವಾಯಿತು.

ಮೊದಲು ಲೋಟ ಬಿದ್ದ ಸದ್ದು. ಆಮೇಲೆ ಅಡಿಗೆಮನೆಯ ಪಾತ್ರೆಗಳೆಲ್ಲ ಒಟ್ಟಿಗೆ ಹಲ್ಲು ಕಡಿದ ಸದ್ದು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ಯಂತ್ರವೇ ಪ್ರತ್ಯಕ್ಷವಾಯಿತು. ಎಡಭುಜ ಮುಂದೆ, ಬಲಭುಜ ಮುಂದೆ, ಎಡಭುಜ ಮುಂದೆ ಎಂದು ಕುಪ್ಪಳಿಸುತ್ತಾ, ಹಿಂದೆ ನೀರಿನ ಕೊಳವೆಯನ್ನು ಬಾಲದ ಹಾಗೆ ಎಳೆದುಕೊಂಡು, ನೆಂಟರನ್ನು ಮಾತಾಡಿಸಲೆಂದೇ ಬಂದ ಹಾಗೆ ನೇರ ಷಡ್ಡಕರ ಕಡೆಗೆ ಬಂತು. ಎಷ್ಟೋ ಜನರ ಹಲ್ಲನ್ನು ಕಣ್ಣು ಮಿಟುಕಿಸದೆ ಕಿತ್ತ ಆ ಧೀರರು ಕಾಫಿಯ ಸಮೇತ ಸೋಫಾದ ಮೇಲೆ ಹತ್ತಿ ನಿಂತರು.

“ನಿಲ್ಸ್ರೀ ಅದನ್ನ! ರೀ, ನಿಲ್ಸ್ರೀ!” ಎಂದು ಹೆಂಡತಿ ಕೂಗಿದರು.

ನಿಲ್ಲಿಸುವ ಗುಂಡಿ ಯಂತ್ರದ ಮೂತಿಯ ಮೇಲಿತ್ತು. ಮೂತಿಯ ಎದುರಿಗೆ ಹೋಗುವ ಗಂಡಸು ಅಲ್ಲಿರಲಿಲ್ಲ. ಅಷ್ಟರಲ್ಲಿ ಕರೆಂಟಿನ ವೈರು ಎಳೆದಷ್ಟೂ ಎಳೆದು ಗೋಡೆಯಿಂದ ಕಿತ್ತುಬಂತು. ಯಂತ್ರ ಒಮ್ಮೆ ನಿಟ್ಟುಸಿರಿಟ್ಟು ಸೋಫಾದ ಮುಂದೆ ನಿಂತಿತು.

ಆಯ್ತಪ್ಪನವರು ಯಂತ್ರವನ್ನು ಸೂಕ್ಷ್ಮವಾಗಿ ನೋಡಿದರು. ಅದು ಕದಲುತ್ತಿರಲಿಲ್ಲ. “ಆಯ್ತು,” ಎಂದರು.

ಯಾರೋ ಬಾಗಿಲು ದಬದಬನೆ ಬಡಿದರು. ಕೆಳಗಿನ ಮನೆಯ ಗಡಿಯಾರ ರಿಪೇರಿಯವರು. ಒಂದು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡೇ ಓಡಿ ಬಂದಿದ್ದರು, ತಲೆಯ ತುಂಬ ಸುಣ್ಣದ ಪುಡಿ.

“ಏನ್ ಸ್ವಾಮಿ, ಮೇಲೆ ಆನೆ ಸಾಕಿದ್ದೀರಾ? ಎಳ್ಳಿನಷ್ಟು ಸ್ಕ್ರೂಗಳು ರೀ! ಬೆಳಗ್ಗೆಯಿಂದ ಬಿಚ್ಚಿ ಸಾಲಾಗಿ ಜೋಡಿಸಿಟ್ಟಿದ್ದೆ. ಎಲ್ಲಾ ಹಾರಿಹೋಗಿ, ಈಗ ಹೆಂಗಸಿನ ವಾಚಿನದ್ಯಾವುದು, ಗೋಡೆ ಗಡಿಯಾರದ್ಯಾವುದು ದೇವರೇ ಹೇಳ್ಬೇಕು. ಇದು ಯಾವ ಕಂಪನಿ ಮಷೀನು? ವಿಳಾಸ ಕೊಡಿ, ಈಗ್ಲೇ ಬರೀತೀನಿ.”

ಆಯ್ತಪ್ಪನವರ ಕಣ್ಣ ಮುಂದೆ ಮುಖ್ಯಸ್ಥರ ಕುರ್ಚಿ ತಾನೂ ಭುಜ ಕುಣಿಸುತ್ತಾ ಪಕ್ಕದ ಮೇಜಿನ ಕಡೆ ನಡೆದು ಹೋಯಿತು. ಅವರು ಗಡಿಯಾರದವರ ಕೈ ಹಿಡಿದರು, ಗಲ್ಲ ಹಿಡಿದರು. “ಸ್ವಾಮಿ, ನಾಳೆವರೆಗೆ ತಡ್ಕೊಳ್ಳಿ. ನಾಳೆಯಿಂದ ಒಂದು ಸ್ಕ್ರೂ ಅಲುಗಾಡಿದ್ರೆ ನನ್ನ ಹೆಸರು ಬದಲಾಯಿಸಿ.”

“ನಿಮ್ಮ ಹೆಸರು ಯಾರಿಗ್ರೀ ಗೊತ್ತು?” ಎಂದು ಗಡಿಯಾರದವರು ಗೊಣಗುತ್ತಾ ಇಳಿದು ಹೋದರು.

ಮರುದಿನ ಆಯ್ತಪ್ಪನವರ ಮನೆಯಲ್ಲಿ ಶಾಸ್ತ್ರೋಕ್ತವಾದ ಹುಡುಕಾಟ ಶುರುವಾಯಿತು. ಕಂಪ್ಯೂಟರು ಮಾಡಿದ್ದನ್ನು ತಾವು ಸ್ವತಃ ಮಾಡುವುದು ಎಂದು ನಿಶ್ಚಯ. ಭಾರ ಬೇಕು, ಅಷ್ಟೇ ತಾನೆ? ನೆಂಟರಿದ್ದಾರೆ. ಯಂತ್ರವನ್ನು ಮತ್ತೆ ಒಗೆಯುವ ಕೋಣೆಗೆ ತಳ್ಳಿ, ಮೇಲೆ ನೀರಿನ ಲೋಟ ಇಟ್ಟು, ಹೆಂಡತಿಯನ್ನು ಎಡಮೂಲೆ ಒತ್ತಲು ನಿಲ್ಲಿಸಿದರು, ನಾದಿನಿಯನ್ನು ಬಲಮೂಲೆಗೆ. ಷಡ್ಡಕರನ್ನು ತೂಕದ ದೃಷ್ಟಿಯಿಂದ ಹಿಂದೆ, ಗೋಡೆಗೂ ಯಂತ್ರಕ್ಕೂ ನಡುವೆ ತುರುಕಿದರು. ಚೆಲ್ಲಿದ ನೀರೇ ಅಳತೆ.

“ಷಡ್ಡಕರೇ, ಅರ್ಧ ಹೆಜ್ಜೆ ಎಡಕ್ಕೆ!”

“ಎಡಕ್ಕೆ ನಲ್ಲಿ ಇದೆ ಕಣ್ರೀ, ಸೊಂಟಕ್ಕೆ ಚುಚ್ತಿದೆ!”

“ನೀರು ಕಮ್ಮಿ ಚೆಲ್ತು! ಇನ್ನೂ ಎಡಕ್ಕೆ!”

“ಇನ್ನೂ ಎಡಕ್ಕೆ ಹೋದ್ರೆ ನಲ್ಲಿ ಇತ್ತ ಕಡೆಯಿಂದ ಬರುತ್ತೆ!”

ನಾದಿನಿಯ ಬಳೆ ಒಡೆಯಿತು. ಹೆಂಡತಿಯ ಜಡೆ ಬಿಚ್ಚಿತು. ಷಡ್ಡಕರ ಹಲ್ಲುಗಳು, ವೃತ್ತಿಗೆ ಅವಮಾನವಾಗುವ ಹಾಗೆ, ಕಟಕಟನೆ ಒಂದಕ್ಕೊಂದು ಬಡಿದವು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗಂಡು ದಿಕ್ಕಿಲ್ಲದ ಮನೆಯನ್ನು ನೋಡುವ ಹಾಗೆ ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ತಡೆಯದೆ ಒಳಗೆ ಬಂದು, ಎರಡೂ ಮೊಣಕೈಯನ್ನು ಯಂತ್ರದ ಮೇಲೂರಿ ಅಳಿಯಂದಿರನ್ನು ಬೈಯಲು ಬಗ್ಗಿದರು. “ಏನ್ರೀ ಇದು, ಒಂದು ಡಬ್ಬ ಹಿಡಿಯೋಕೆ ಒಂದು ಊರು...”

ನೀರು ತುಳುಕುವುದು ನಿಂತಿತು.

“ಅತ್ತೇ! ಅಲ್ಲೇ ಇರಿ! ಬೈತಾ ಇರಿ!” ಎಂದು ಆಯ್ತಪ್ಪನವರು ಕಿರುಚಿದರು.

ಮುಂದಿನದು ಮನೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ್ದು. ಅತ್ತೆಯನ್ನು ಮಣೆಯ ಮೇಲೆ ಹತ್ತಿಸಿ, ಮಣೆಯಿಂದ ಯಂತ್ರದ ಮೇಲೆ ಹತ್ತಿಸಿ, ಮುಖ ಅಡಿಗೆಮನೆಯ ಕಡೆ ತಿರುಗಿಸಿ ಕೂರಿಸಿದರೆ ಯಂತ್ರ ಅದುರಿದರೂ ಇದ್ದಲ್ಲೇ ನಿಲ್ಲುತ್ತದೆ ಎಂದು ಸಿದ್ಧವಾಯಿತು. ಅವರು ಮೊದಲು ಒಪ್ಪಲಿಲ್ಲ. ದೂರು ಹೋದರೆ ಕುರ್ಚಿಯೂ ಹೋಗುತ್ತದೆಂದು ಗಂಡನಿಂದ ಹಿಂದಿನ ರಾತ್ರಿಯೇ ತಿಳಿದಿದ್ದ ಮಗಳು ತಾಯಿಯನ್ನು ಪಕ್ಕಕ್ಕೆ ಕರೆದು ಅತ್ತಳು. ‘ನನ್ನ ಗಂಡನ ಕುರ್ಚಿ ಹೋದ್ರೆ ನಾನು ತಂಗಿ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ’ ಎಂದಳು. ಅತ್ತೆ ಕರಗಿದರು. ಒಮ್ಮೆ ಹತ್ತಿ ಕೂತ ಮೇಲೆ, ಅಲ್ಲಿಂದ ಅಡಿಗೆಮನೆಯ ಒಲೆಯೂ, ನಡುಮನೆಯೂ, ಮುಂಬಾಗಿಲೂ ಒಟ್ಟಿಗೇ ಕಾಣುತ್ತವೆಂದು ಅವರಿಗೆ ತಿಳಿಯಿತು. ಆಮೇಲೆ ಅವರು ಹತ್ತಲು ಹೇಳಿಸಿಕೊಳ್ಳಲಿಲ್ಲ.

ದಿನವೂ ಹಿಂಡುವ ಹೊತ್ತಿಗೆ ಮನೆ ಅಲ್ಲಿಂದ ಆಳಿಸಿಕೊಳ್ಳುತ್ತಿತ್ತು. “ಒಲೆ ಆರಿಸಿದ್ಯೇನೇ? ಕೈಯಿಟ್ಟು ನೋಡು,” ಎಂದು ಮಗಳಿಗೆ. “ಬಾಗಿಲು ಸಂದಿ ಬಿಟ್ಟಿದೆ ಅಳಿಯಂದ್ರೇ, ಎದ್ದು ಹೋಗಿ,” ಎಂದು ಅಳಿಯಂದಿರಿಗೆ. ಮಾತು ಮಾತ್ರ ಯಂತ್ರದ ಅದುರಿಗೆ ತುಂಡು ತುಂಡಾಗಿ ಬರುತ್ತಿತ್ತು. ಕೆಳಗಿನವರ ಸ್ಕ್ರೂಗಳು ಇಟ್ಟಲ್ಲೇ ಇದ್ದವು. ಆಫೀಸಿನಲ್ಲಿ ಆಯ್ತಪ್ಪನವರು, ಯಾರೂ ಇಲ್ಲದಾಗ, ಖಾಲಿ ಕುರ್ಚಿಯ ಧೂಳನ್ನು ತಮ್ಮ ಕರವಸ್ತ್ರದಿಂದ ಒರೆಸಿ ಬರತೊಡಗಿದರು.

ಮೇಡಂ ಹೇಳದೆ ಕೇಳದೆ ಬಂದರು. ತಿಂಗಳು ಇನ್ನೂ ತುಂಬಿರಲಿಲ್ಲ. ಆಯ್ತಪ್ಪನವರು ಬಾಗಿಲು ತೆಗೆದು, ನೋಡಿ, ಮತ್ತೆ ಹಾಕಲು ನೋಡಿದರು. ಆಗಲಿಲ್ಲ.

“ಒಂದೂ ದೂರಿಲ್ಲ. ಸಂತೋಷ. ಯಂತ್ರ ಎಲ್ಲಿ?” ಎಂದು ಮೇಡಂ ಸದ್ದು ಬಂದ ಕಡೆ ನಡೆದರು. ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತರು. ಯಂತ್ರ ಹಿಂಡುತ್ತಿತ್ತು. ಯಂತ್ರದ ಮೇಲೆ ಅತ್ತೆ, ಕನ್ನಡಕ ಹಾಕಿಕೊಂಡು, ಪತ್ರಿಕೆ ಓದುತ್ತಿದ್ದರು. ಪತ್ರಿಕೆ ಅದುರುತ್ತಿತ್ತು.

“ನಮಸ್ಕಾರ ಅಮ್ಮ. ಇಳೀತೀರಾ?”

“ಇ-ಳಿ-ದ್ರೆ ಇ-ದು ಹೊ-ರ-ಡು-ತ್ತೆ.”

“ಹೊರಡಲಿ ಅಮ್ಮ. ನೋಡೋಕೇ ಬಂದಿದ್ದೀನಿ.”

ಅತ್ತೆ ಇಳಿದರು. ಯಂತ್ರ ಹೊರಟಿತು. ಆಯ್ತಪ್ಪನವರು ಬಹಳ ಕಾಲ ಕಾಣದ ಅಣ್ಣನನ್ನು ತಬ್ಬುವ ಹಾಗೆ ಅದನ್ನು ತಬ್ಬಿದರು, ಅದು ಅವರನ್ನೂ ಕರೆದುಕೊಂಡು ಹೊರಟಿತು. ಮೇಡಂ ಬದಿಗೆ ಸರಿದು ದಾರಿ ಬಿಟ್ಟರು. ಇಬ್ಬರೂ ನಡುಮನೆಯವರೆಗೆ ಹೋಗಿ, ವೈರು ಕಿತ್ತು, ನಿಂತರು. ಕೆಳಗಿನಿಂದ ಗಡಿಯಾರದವರ ಆರ್ತನಾದ ಕೇಳಿಸಿತು.

“ಮೇಡಂ, ಅತ್ತೆ ಕೂತ್ರೆ ಒಂದಿಂಚೂ ಕದಲಲ್ಲ. ಲೆಕ್ಕ ಪೂರ್ತಿ ನೆಲೆ ಮುಟ್ಟಿದೆ,” ಎಂದರು ಆಯ್ತಪ್ಪನವರು ಏದುಸಿರು ಬಿಡುತ್ತಾ.

“ಮಾರೋ ಒಂದೊಂದು ಯಂತ್ರದ ಜೊತೆ ಒಬ್ಬೊಬ್ಬ ಅತ್ತೆನ ಕೊಡೋಕಾಗುತ್ತೇನ್ರೀ?” ಎಂದರು ಮೇಡಂ. “ಆಫೀಸಲ್ಲಿ ಎರಡನೇ ಪರದೆ ತೆಗೆದು ನೋಡಿ ಬಂದಿದ್ದೀನಿ. ಗೋಡೆ ಇದ್ದ ಹಾಗಿದೆ ಇಳಿಜಾರು. ನಿಂತಿದೆ ಅಂತ ಸಹಿ ಹಾಕಿದ್ರಿ. ಯಾಕೆ ನಿಂತಿದೆ ಅಂತ ಮುಟ್ಟಿ ನೋಡಿದ್ರಾ? ಬೇರೆ ಕಡೆಯಿಂದ ಬಂದು ನೋಡಿದ್ರಾ?”

ಅತ್ತೆ ಪತ್ರಿಕೆ ಮಡಿಸಿದರು. “ಬಾಗಿಲ ವಿಷಯದಲ್ಲಿ ನಾನು ದಿನಾ ಇದನ್ನೇ ಕೇಳ್ತೀನಿ ಕಣಮ್ಮ. ಇವರಿಗೆ ಕಿರಿಕಿರಿ ಆಗುತ್ತೆ,” ಎಂದರು.

ಮೇಡಂ ಅವರನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಆಮೇಲೆ ಆಯ್ತಪ್ಪನವರ ಕಡೆ ತಿರುಗಿದರು. “ತಿಂಗಳು ಮುಗಿದಿಲ್ಲ. ನಿಯಮದ ಪ್ರಕಾರ ಸರಿಮಾಡೋದೂ ಸಹಿ ಹಾಕಿದವರೇ. ಅದುರಾಟ ಕಮ್ಮಿ ಮಾಡಿ ತೋರಿಸಿ. ತಿಂಗಳ ಕೊನೆಗೆ ಬರ್ತೀನಿ. ಕುರ್ಚಿ ಅಲ್ಲಿವರೆಗೆ ಖಾಲಿ ಇರುತ್ತೆ.”

ಸತ್ತವನಿಗೆ ಜೀವ ಬಂದ ಹಾಗಾಯಿತು. ಇನ್ನು ಯಾರಾದರೂ ಆಗಿದ್ದರೆ ಆಫೀಸಿಗೆ ಓಡಿ ಲೆಕ್ಕವನ್ನು ಬುಡದಿಂದ ಹಾಕುತ್ತಿದ್ದರು. ಆಯ್ತಪ್ಪನವರು ಹಾಗೆ ಮಾಡಿದ್ದರೆ ಅವರನ್ನು ಕುರಿತು ಕಥೆ ಬರೆಯುವ ಅಗತ್ಯವೇ ಇರಲಿಲ್ಲ. ಅವರು ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡರು. ಒಳಗಿನಿಂದ ಯಂತ್ರದ ಸದ್ದು ಬರುವುದು, ನಿಲ್ಲುವುದು, ಮತ್ತೆ ಬರುವುದು. ಒಂದೊಂದು ಸಲವೂ ಸದ್ದು ಸ್ವಲ್ಪ ತಗ್ಗಿರುವುದು. ಹೆಂಡತಿ ಬಾಗಿಲಿಗೆ ಕಿವಿಯಿಟ್ಟು ಕೇಳಿ, ಕಣ್ಣೊರೆಸಿಕೊಂಡು, ತಂಗಿಗೆ ಫೋನು ಮಾಡಿದರು. “ಕಮ್ಮಿ ಆಗ್ತಿದೆ ಕಣೇ! ಪಾಪ, ಊಟಕ್ಕೂ ಎದ್ದಿಲ್ಲ!” ಆಯ್ತಪ್ಪನವರು ಹೊರಗೆ ಬಂದಾಗ ಅವರ ಮುಖ ಬೆಳಗುತ್ತಿತ್ತು. ಯಾರಿಗೂ ಏನೂ ಹೇಳಲಿಲ್ಲ. ಯಂತ್ರದ ಮುಂದೆ ಒಂದು ಹೂವಿನ ಪರದೆ ಇಳಿಬಿಟ್ಟಿದ್ದರು. “ಚೆಂದಕ್ಕೆ,” ಎಂದರು.

ಗೊತ್ತಾದ ದಿನ ಎಲ್ಲರೂ ಬಂದರು. ಮೇಡಂ ಬಂದರು. ಷಡ್ಡಕರು ಬಂದು, ಮುಂಜಾಗ್ರತೆಗೆ ಸೋಫಾದ ಹತ್ತಿರವೇ ನಿಂತರು. ಗಡಿಯಾರದವರು, ಸ್ಕ್ರೂಗಳನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಂದರು. ಆಯ್ತಪ್ಪನವರು ತುಂಬಿದ ಲೋಟವನ್ನು ಯಂತ್ರದ ಮೇಲಿಟ್ಟು ಹಿಂಡುವ ಗುಂಡಿ ಒತ್ತಿದರು.

ಯಂತ್ರ ಸುಯ್ಯೆಂದಿತು. ಅಷ್ಟೇ. ಲೋಟದ ನೀರಿನಲ್ಲಿ ಒಂದು ಸುಕ್ಕು ಕೂಡ ಏಳಲಿಲ್ಲ. ಪಾತ್ರೆಗಳು ಮೌನವಾಗಿದ್ದವು. ಗಡಿಯಾರದವರು ಭೂತಕನ್ನಡಿ ಸಿಕ್ಕಿಸಿಕೊಂಡು ಬಗ್ಗಿ ನೋಡಿ, “ಇಲ್ಲ ಸ್ವಾಮಿ, ಕೂದಲೆಳೆಯಷ್ಟೂ ಇಲ್ಲ,” ಎಂದು ತಲೆದೂಗಿದರು. ಷಡ್ಡಕರು ಬೇರೆ ದಾರಿಯಿಲ್ಲದೆ ಚಪ್ಪಾಳೆ ತಟ್ಟಿದರು. ಹೆಂಡತಿ ತಂಗಿಯ ಕಡೆ ನೋಡಿದ ನೋಟಕ್ಕೆ ಬೆಲೆ ಕಟ್ಟುವ ಹಾಗಿರಲಿಲ್ಲ. ಮೇಡಂ ಮುಖದಲ್ಲೂ ಏನೋ ಸಡಿಲವಾಯಿತು.

“ಆಯ್ತು!” ಎಂದರು ಆಯ್ತಪ್ಪನವರು. ಜೀವಮಾನದಲ್ಲಿ ಆಡಿದ ಅಷ್ಟೂ ‘ಆಯ್ತು’ಗಳ ಕಲಶ ಅದು.

ಅತ್ತೆ ಮೂಲೆಯಿಂದ ಎದ್ದರು. ಯಂತ್ರದ ಬದಿಗೆ ಅಂಗೈ ಇಟ್ಟು ನೋಡಿದರು. ಹುಬ್ಬು ಗಂಟಿಕ್ಕಿತು. ಇನ್ನೊಂದು ಬದಿಗೆ ಹೋಗಿ ಅಲ್ಲೂ ಅಂಗೈ ಇಟ್ಟರು. ಆಮೇಲೆ ಮುಂದೆ ಬಂದು, ಹೂವಿನ ಪರದೆ ಎತ್ತಿ, ಗಾಜಿಗೆ ಮೂಗು ತಾಗಿಸಿ ಒಳಗೆ ನೋಡಿದರು. ನೋಡುತ್ತಲೇ ಇದ್ದರು.

“ಅಳಿಯಂದ್ರೇ,” ಎಂದರು ಕೊನೆಗೆ, “ಬಟ್ಟೆ ಎಲ್ಲಿ?”

ಎಲ್ಲರೂ ಆಯ್ತಪ್ಪನವರನ್ನು ನೋಡಿದರು. ಅವರಿಗೆ ನಾಚಿಕೆಯೇನೂ ಆಗಲಿಲ್ಲ. ಕಷ್ಟಪಟ್ಟು ಕಂಡುಹಿಡಿದವರಿಗೆ ಇರುವ ತಾಳ್ಮೆಯಿಂದಲೇ ವಿವರಿಸಿದರು. “ಒಂದೊಂದೇ ತೆಗೆದು ನೋಡ್ದೆ ಅತ್ತೆ. ಚಾದರ ತೆಗೆದ್ರೆ ಅದುರಾಟ ಇಳೀತು. ಪಂಚೆ ತೆಗೆದ್ರೆ ಇನ್ನೂ ಇಳೀತು. ಟವೆಲ್ ತೆಗೆದೆ, ಕರವಸ್ತ್ರ ತೆಗೆದೆ. ಪೂರ್ತಿ ಖಾಲಿ ಆದಾಗ ನೋಡಿ, ತಳ ಸಿಕ್ತು. ಇದಕ್ಕಿಂತ ಕೆಳಗೆ ಇಳಿಯೋ ಜಾಗವೇ ಇಲ್ಲ. ಈ ಸಲ ಮೂರೂ ನೋಡಿದ್ದೀನಿ ಮೇಡಂ. ಬೇರೆ ಕಡೆಯಿಂದ, ಕರವಸ್ತ್ರದಿಂದ ಶುರುಮಾಡಿ ತೆಗೆದ್ರೂ ಇಲ್ಲಿಗೇ ಬರುತ್ತೆ.”

“ಬಟ್ಟೆ ಒಗೆಯೋ ಯಂತ್ರ ಕಣ್ರೀ ಅದು,” ಎಂದು ಷಡ್ಡಕರು ಮೆಲ್ಲಗೆ ಹೇಳಿದರು.

“ಅದುರಾಟ ಕಮ್ಮಿ ಮಾಡಿ ಅಂದ್ರು, ಮಾಡ್ದೆ. ಬಟ್ಟೆ ಒಗೀಬೇಕು ಅಂತ ಯಾರು ಹೇಳಿದ್ರು?” ಎಂದರು ಆಯ್ತಪ್ಪನವರು.

ಖಾಲಿ ಯಂತ್ರ ಗಾಳಿಯನ್ನು ಶ್ರದ್ಧೆಯಿಂದ ಹಿಂಡುತ್ತಿತ್ತು. ಹೆಂಡತಿ ಹೋಗಿ ಅದನ್ನು ಆರಿಸಿ, ಅಲ್ಲಿಂದಲೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೇಡಂ ತಮ್ಮ ಚೀಲದ ಜಿಪ್ಪು ಎಳೆದರು. ಆಯ್ತಪ್ಪನವರು ಕುರ್ಚಿಯ ಮಾತು ತಮಗೇ ಹೇಳುತ್ತಾರೆಂದು ಒಂದು ಹೆಜ್ಜೆ ಮುಂದೆ ಬಂದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಸಿದ್ಧವಾಗಿ ನಿಂತರು. ಮೇಡಂ ಅವರನ್ನು ದಾಟಿಕೊಂಡು ಮುಂದೆ ಹೋದರು.

“ಅಮ್ಮಾ,” ಎಂದರು ಅತ್ತೆಗೆ, “ನಮ್ಮಲ್ಲಿ ಮುಖ್ಯಸ್ಥರ ಕುರ್ಚಿ ಒಂದು ಖಾಲಿ ಇದೆ. ಲೆಕ್ಕ ಹಾಕೋಕೆ ಇವರ ಪಕ್ಕದ ಮೇಜಿನವರು ಇದ್ದಾರೆ, ಅವರಿಗೆ ಲೆಕ್ಕ ಬಿಟ್ಟು ಏಳೋಕೆ ಮನಸ್ಸಿಲ್ಲ. ‘ಆಯ್ತು’ ಅಂದವರನ್ನ ನಂಬದೇ ಇರೋರು ಒಬ್ಬರು ಬೇಕು. ಬರ್ತೀರಾ?”

ಅತ್ತೆ ಹೂವಿನ ಪರದೆಯನ್ನು ಮಡಿಸಿ ಅಳಿಯಂದಿರ ಕೈಗೆ ಕೊಟ್ಟರು.

“ಕುರ್ಚಿ ಅಲ್ಲಾಡಲ್ಲ ತಾನೆ?” ಎಂದರು. “ಯಾರಾದ್ರೂ ಕೂತು ನೋಡಿದ್ದೀರಾ?”